ನಾನು ನಿದ್ರೆಯಲ್ಲಿದ್ದಾಗ ನಡೆದದ್ದು: ಕಿಡ್ನಿ ದಾನಿಯೊಬ್ಬಳ ಅರಿವಳಿಕೆಯ ಅನುಭವ

ತಮ್ಮನಿಗೆ ಒಂದು ಕಿಡ್ನಿ ಕೊಟ್ಟು, ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದೇನೆ. ಇದೇ ದಾರಿಗೆ ಕಾಲಿಡಲಿರುವ ಕೆಲವರು ಈಗಾಗಲೇ ನನ್ನನ್ನು ಹುಡುಕಿಕೊಂಡು ಬಂದು ಪ್ರಶ್ನೆ ಕೇಳಿದ್ದಾರೆ. ಅವರ ಪ್ರಶ್ನೆಗಳೆಲ್ಲ ಶಸ್ತ್ರಚಿಕಿತ್ಸಕರ ಬಗ್ಗೆ, ರಕ್ತದ ಗುಂಪಿನ ಬಗ್ಗೆ, ಒಂದೇ ಕಿಡ್ನಿಯಲ್ಲಿ ಬದುಕುವುದರ ಬಗ್ಗೆ ಇರುತ್ತವೆ. ಅರಿವಳಿಕೆಯ ವಿಷಯವನ್ನು ಇದುವರೆಗೆ ಯಾರೂ ಎತ್ತಿಲ್ಲ. ಆದರೆ ಇಡೀ ಪ್ರಕ್ರಿಯೆಯಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ್ದು ಅದೇ, ಅತಿ ಹೆಚ್ಚು ಸಮಾಧಾನ ಕೊಟ್ಟ ಮಾತುಕತೆ ನಡೆದದ್ದೂ ಅರಿವಳಿಕೆ ವೈದ್ಯರ ಕೋಣೆಯಲ್ಲೇ. ಆದ್ದರಿಂದ ಆ ಭಾಗವನ್ನೇ ವಿವರವಾಗಿ ಬರೆಯುತ್ತೇನೆ. ನಾನು ವೈದ್ಯೆಯಲ್ಲ. ನನಗೆ ಮತ್ತು ತಮ್ಮನಿಗೆ ಏನು ಮಾಡಿದರು, ಏಕೆ ಮಾಡಿದರು ಎಂದು ಕೇಳಿ ತಿಳಿದದ್ದನ್ನಷ್ಟೇ ಹೇಳಬಲ್ಲೆ. ನಿಮ್ಮ ವೈದ್ಯರು ಬೇರೆ ಕ್ರಮ ಅನುಸರಿಸಿದರೆ ಅದಕ್ಕೆ ಅವರದೇ ಕಾರಣ ಇರುತ್ತದೆ, ಕೇಳಿ ತಿಳಿದುಕೊಳ್ಳಿ.

ತಮ್ಮನ ಕಿಡ್ನಿಗಳು ಮಧುಮೇಹ ಮತ್ತು ಅಧಿಕ ರಕ್ತದೊತ್ತಡದಿಂದ ಸೋತಿದ್ದವು. ಡಯಾಲಿಸಿಸ್ ಶುರುವಾದಾಗಲೇ ಅವನ ಹೆಸರನ್ನು ಮೃತ ದಾನಿಗಳ ಅಂಗಕ್ಕಾಗಿ ಕಾಯುವವರ ಪಟ್ಟಿಗೆ ಸೇರಿಸಿದ್ದೆವು. ಒಮ್ಮೆ ತಡರಾತ್ರಿ ಕರೆ ಬಂದು, ಆ ಕ್ಷಣದಿಂದಲೇ ಏನನ್ನೂ ತಿನ್ನದೆ ಆಸ್ಪತ್ರೆಗೆ ಬರಬೇಕೆಂದರು. ಹೋದೆವು, ರಕ್ತ ಕೊಟ್ಟೆವು, ಕುಳಿತೆವು. ಅವನನ್ನು ಬದಲಿ ಅಭ್ಯರ್ಥಿಯಾಗಿ ಕರೆಸಿದ್ದರು. ಮೊದಲ ಅಭ್ಯರ್ಥಿಗೆ ಆ ಕಿಡ್ನಿ ಹೊಂದಿಕೆಯಾದ್ದರಿಂದ ಬೆಳಗಿನ ಹೊತ್ತಿಗೆ ನಮ್ಮನ್ನು ಮನೆಗೆ ಕಳುಹಿಸಿದರು. ಪಟ್ಟಿಯಲ್ಲಿರುವವರು ಇಂಥ ಕರೆಗೂ ಮಾನಸಿಕವಾಗಿ ಸಿದ್ಧರಿರಬೇಕು, ಇದು ಅಪರೂಪವೇನಲ್ಲ.

ಆ ರಾತ್ರಿ ಕಾಯುವ ಕೋಣೆಯಲ್ಲಿ ನನ್ನನ್ನು ಕಾಡಿದ ಪ್ರಶ್ನೆಯೊಂದನ್ನು ಮುಂದೆ ಅರಿವಳಿಕೆ ವೈದ್ಯರಲ್ಲಿ ಕೇಳಿದೆ. ಮಿದುಳು ನಿಷ್ಕ್ರಿಯಗೊಂಡು ಮೃತರೆಂದು ಘೋಷಿತರಾದವರ ಅಂಗಗಳನ್ನು ತೆಗೆಯುವಾಗಲೂ ಅರಿವಳಿಕೆ ವೈದ್ಯರು ಜೊತೆಗಿರುತ್ತಾರಂತೆ, ಏಕೆ? ಅವರಿಗೆ ನೋವಾಗುತ್ತದೆಯೇ? ಅವರ ಉತ್ತರ ಸ್ಪಷ್ಟವಾಗಿತ್ತು. ನೋವನ್ನು ಅರಿಯುವುದು ಮಿದುಳು. ಅದರ ಕಾರ್ಯ ಪೂರ್ಣವಾಗಿ, ಮರಳಿ ಬಾರದಂತೆ ನಿಂತಿದೆ ಎಂಬುದನ್ನು ಖಚಿತಪಡಿಸಿದ ಮೇಲೆಯೇ ಆ ಘೋಷಣೆ ಆಗುತ್ತದೆ. ಆ ಪರೀಕ್ಷೆಗಳಲ್ಲಿ ವೆಂಟಿಲೇಟರಿನ ನೆರವು ನಿಲ್ಲಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಉಸಿರಾಟದ ಯತ್ನ ಕಾಣುವುದಿಲ್ಲ ಎಂದು ನೋಡುವುದೂ ಸೇರಿದೆ. ಆದರೆ ಬೆನ್ನುಹುರಿ ಜೀವಂತವಾಗಿರುವುದರಿಂದ ಕೈಕಾಲು ಅಲುಗಬಹುದು, ಚರ್ಮ ಕೊಯ್ದಾಗ ರಕ್ತದೊತ್ತಡ ಮತ್ತು ಹೃದಯದ ಬಡಿತ ಏರಬಹುದು. ಅವು ಬೆನ್ನುಹುರಿಯ ಪ್ರತಿವರ್ತನೆಗಳು, ನೋವಿನ ಗುರುತಲ್ಲ. ಅವನ್ನು ಹತೋಟಿಯಲ್ಲಿಡಲು ಸ್ನಾಯು ಸಡಿಲಿಸುವ ಔಷಧ ಮತ್ತು ಕೆಲವೊಮ್ಮೆ ಅರಿವಳಿಕೆಯ ಅನಿಲವನ್ನು ಬಳಸುತ್ತಾರೆ. ಅದಕ್ಕಿಂತ ದೊಡ್ಡ ಕೆಲಸವೆಂದರೆ, ಮಿದುಳಿನ ನಿಯಂತ್ರಣ ತಪ್ಪಿದ ದೇಹದಲ್ಲಿ ರಕ್ತದೊತ್ತಡ ಕುಸಿಯದಂತೆ, ಮೈ ತಣ್ಣಗಾಗದಂತೆ, ಮೂತ್ರ ಮಿತಿಮೀರಿ ಹರಿದು ಸೋಡಿಯಂ ಏರದಂತೆ ನೋಡಿಕೊಂಡು, ಅಂಗಗಳಿಗೆ ಕೊನೆಯ ಕ್ಷಣದವರೆಗೂ ಒಳ್ಳೆಯ ರಕ್ತ ಹರಿಯುವಂತೆ ಮಾಡುವುದು. ಹೃದಯದಿಂದ ಹೊರಡುವ ಮುಖ್ಯ ರಕ್ತನಾಳವಾದ ಮಹಾಪಧಮನಿಗೆ ಕ್ಲಾಂಪ್ (ಹರಿವು ನಿಲ್ಲಿಸುವ ಚಿಮುಟ) ಹಾಕಿ ತಣ್ಣನೆಯ ದ್ರಾವಣ ಹರಿಸಲು ಆರಂಭಿಸಿದಾಗ ವೆಂಟಿಲೇಟರ್ ನಿಲ್ಲಿಸುತ್ತಾರೆ. ಅರಿವಳಿಕೆ ವೈದ್ಯರ ಪಾಲಿನ ಕೆಲಸ ಅಲ್ಲಿಗೆ ಮುಗಿಯುತ್ತದೆ. “ಬೇರೆ ಎಲ್ಲ ರೋಗಿಗಳನ್ನೂ ನಾವು ಎಬ್ಬಿಸಿ ಹೊರಗೆ ಕಳುಹಿಸುತ್ತೇವೆ, ಅಲ್ಲಿ ಮಾತ್ರ ನಾವೇ ಮೊದಲು ಹೊರಗೆ ಬರುತ್ತೇವೆ,” ಎಂದು ಅವರು ಹೇಳಿದಾಗ, ಆ ರಾತ್ರಿ ಯಾವುದೋ ಒಂದು ಮನೆಯವರು ಕೊಟ್ಟಿದ್ದ ಒಪ್ಪಿಗೆಯ ತೂಕ ನನಗೆ ತಿಳಿಯಿತು.

ಕಾಯುವ ಪಟ್ಟಿ ನಿಧಾನವಾಗಿ ಸಾಗುತ್ತಿತ್ತು, ತಮ್ಮ ಸೊರಗುತ್ತಿದ್ದ. ನನ್ನ ರಕ್ತದ ಗುಂಪು ಹೊಂದುತ್ತಿತ್ತು. ನಾನೇ ಕೊಡುತ್ತೇನೆಂದಾಗ ಅವನು ಬಹಳ ದಿನ ಒಪ್ಪಲಿಲ್ಲ. “ಅಕ್ಕ, ನಿನಗೇನಾದರೂ ಆದರೆ ಆ ಕಿಡ್ನಿ ಇಟ್ಟುಕೊಂಡು ನಾನು ಹೇಗೆ ಬದುಕಲಿ?” ಎನ್ನುತ್ತಿದ್ದ. ಅವನಿಗೆ ಉತ್ತರಿಸಲು ನಾನು ಓದತೊಡಗಿದೆ. 1954ರ ಡಿಸೆಂಬರಿನಲ್ಲಿ ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರಿ ಅವರ ತಂಡ ನಡೆಸಿದ, ಯಶಸ್ವಿಯಾದ ಮೊದಲ ಕಿಡ್ನಿ ಕಸಿಯಲ್ಲಿ ದಾನ ಮಾಡಿದ ರೊನಾಲ್ಡ್ ಹೆರಿಕ್ ತನ್ನ ಅವಳಿ ಸಹೋದರ ರಿಚರ್ಡನಿಗೆ ಕಿಡ್ನಿ ಕೊಟ್ಟು, ಒಂದೇ ಕಿಡ್ನಿಯಲ್ಲಿ 2010ರವರೆಗೆ ಬಾಳಿದರು. ಅಮೆರಿಕದ ಎಂಬತ್ತು ಸಾವಿರಕ್ಕೂ ಹೆಚ್ಚು ಜೀವಂತ ದಾನಿಗಳ ಮಾಹಿತಿ ಆಧರಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಶಸ್ತ್ರಚಿಕಿತ್ಸೆಯ ನಂತರದ 90 ದಿನಗಳಲ್ಲಿ ಮೃತಪಟ್ಟ ದಾನಿಗಳು ಹತ್ತು ಸಾವಿರಕ್ಕೆ ಸುಮಾರು 3 ಮಂದಿ. ಅದು ಸೊನ್ನೆಯಲ್ಲ ಎಂಬುದನ್ನೂ ನಾನು ಅವನಿಂದ ಮುಚ್ಚಿಡಲಿಲ್ಲ.

ದಾನಿಯ ತಪಾಸಣೆಯ ಪಟ್ಟಿ ಉದ್ದವಾಗಿತ್ತು. ಅಂಗಾಂಶ ಹೊಂದಾಣಿಕೆ, ತಮ್ಮನ ರಕ್ತ ನನ್ನ ಜೀವಕೋಶಗಳ ಮೇಲೆ ಎರಗುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್, ಇಸಿಜಿ, ಎದೆಯ ಎಕ್ಸ್‌ರೇ, ಇಪ್ಪತ್ನಾಲ್ಕು ಗಂಟೆಗಳ ಮೂತ್ರ ಸಂಗ್ರಹ, ಸೋಂಕುಗಳ ಪರೀಕ್ಷೆ, ಕಿಡ್ನಿಯ ರಕ್ತನಾಳಗಳನ್ನು ತೋರಿಸುವ ಸಿ.ಟಿ. ಸ್ಕ್ಯಾನ್, ಎಲ್ಲವೂ ಒಂದೊಂದೇ ದಿನ ಒಂದೊಂದು ಕಡೆ. ಸಿ.ಟಿ. ನೋಡಿ ಎಡಗಡೆಯ ಕಿಡ್ನಿಯನ್ನು ಆರಿಸಿದರು. ಎಡಗಡೆಯ ಅಭಿಧಮನಿ ಉದ್ದವಾಗಿರುವುದರಿಂದ ಜೋಡಿಸುವುದು ಸುಲಭ, ಹಾಗಾಗಿ ಬೇರೆ ತೊಡಕಿಲ್ಲದಿದ್ದರೆ ಸಾಮಾನ್ಯವಾಗಿ ಅದನ್ನೇ ತೆಗೆಯುತ್ತಾರೆ. ಕಾಗದಪತ್ರಗಳಲ್ಲಿ ಗುರುತಿನ ಚೀಟಿ, ರಕ್ತಸಂಬಂಧ ತೋರಿಸುವ ದಾಖಲೆ, ಹಣದ ವ್ಯವಹಾರವಿಲ್ಲ ಎಂಬ ಹೇಳಿಕೆ, ಸಮ್ಮತಿ ಪತ್ರಗಳು ಬೇಕಾದವು. ಎಲ್ಲ ದಾಖಲೆಗಳಲ್ಲೂ ಹೆಸರಿನ ಕಾಗುಣಿತ ಮತ್ತು ಹುಟ್ಟಿದ ದಿನಾಂಕ ಒಂದೇ ಇವೆಯೇ ಎಂದು ಮೊದಲೇ ನೋಡಿಕೊಂಡರೆ ಅಲೆದಾಟ ತಪ್ಪುತ್ತದೆ.

ತಮ್ಮನ ಚಿಕಿತ್ಸೆಗೆ ಸಂಬಂಧವಿಲ್ಲದ ವೈದ್ಯರೊಬ್ಬರು ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತನಾಡಿದರು. ಒತ್ತಡವಿದೆಯೇ, ಅಪಾಯಗಳು ಅರ್ಥವಾಗಿವೆಯೇ ಎಂದು ಕೇಳಿದರು. ಅರಿವಳಿಕೆ ಕೊಡುವ ಕ್ಷಣದವರೆಗೂ ನಾನು ಹಿಂದೆ ಸರಿಯಬಹುದೆಂದೂ, ಹಾಗೆ ಸರಿದರೆ ಮನೆಯವರಿಗೆ ಕಾರಣ ತಿಳಿಸದೆ, ದಾನಕ್ಕೆ ನಾನು ಸೂಕ್ತಳಲ್ಲ ಎಂದಷ್ಟೇ ಹೇಳುತ್ತೇವೆಂದೂ ಭರವಸೆ ಕೊಟ್ಟರು. ಹಿಂದೆ ಸರಿಯುವ ಯೋಚನೆ ನನಗಿರಲಿಲ್ಲ. ಆದರೂ ಆ ಬಾಗಿಲು ತೆರೆದಿದೆ ಎಂಬುದು ತಿಳಿದ ಮೇಲೆ ನನ್ನ ನಿದ್ದೆ ಸುಧಾರಿಸಿತು.

ಇಷ್ಟೆಲ್ಲ ಮುಗಿದ ಮೇಲೆ ಅರಿವಳಿಕೆ ವೈದ್ಯರ ಭೇಟಿ. ನಮ್ಮ ಕಡತ ನೋಡಿಕೊಳ್ಳುತ್ತಿದ್ದ ಸಂಯೋಜಕರು ಅದನ್ನು “ಫಿಟ್‌ನೆಸ್‌ಗೆ ಒಂದು ಸಹಿ” ಎಂದು ಕರೆದಿದ್ದರು. ದಯವಿಟ್ಟು ಹಾಗೆ ಭಾವಿಸಬೇಡಿ. ಎದುರಿಗೆ ಕುಳಿತ ಅರಿವಳಿಕೆ ವೈದ್ಯೆ ಮೊದಲು ಬಾಯಿ ತೆರೆಯಿಸಿ ಗಂಟಲು ಎಷ್ಟು ಕಾಣುತ್ತದೆಂದು ನೋಡಿದರು, ಕುತ್ತಿಗೆ ಹಿಂದಕ್ಕೆ ಬಾಗಿಸಲು ಹೇಳಿದರು, ಮುಂಭಾಗದ ಒಂದು ಹಲ್ಲಿಗೆ ತೊಡಿಸಿದ್ದ ಕ್ಯಾಪನ್ನು ಬರೆದುಕೊಂಡರು. ಉಸಿರಿನ ಕೊಳವೆ ಹಾಕುವಾಗ ಸಡಿಲ ಹಲ್ಲು ಅಥವಾ ಕ್ಯಾಪ್ ಏಟು ತಿನ್ನಬಹುದು ಎಂಬುದು ಅದಕ್ಕೆ ಕಾರಣ. ಬಸ್ ಪ್ರಯಾಣದಲ್ಲಿ ವಾಂತಿ ಬರುತ್ತದೆಯೇ ಎಂದು ಕೇಳಿದಾಗ ನನಗೆ ಆಶ್ಚರ್ಯವಾಯಿತು. ಹೆಣ್ಣಾಗಿರುವುದು, ಧೂಮಪಾನ ಮಾಡದಿರುವುದು, ಪ್ರಯಾಣದಲ್ಲಿ ವಾಂತಿಯಾಗುವ ಸ್ವಭಾವ, ಶಸ್ತ್ರಚಿಕಿತ್ಸೆಯ ನಂತರ ಮಾರ್ಫಿನ್ ಜಾತಿಯ ನೋವು ನಿವಾರಕ ಬೇಕಾಗುವುದು, ಈ ನಾಲ್ಕೂ ಸೇರಿದರೆ ಎಚ್ಚರವಾದ ಮೇಲೆ ವಾಂತಿಯಾಗುವ ಸಾಧ್ಯತೆ ಬಹಳ ಹೆಚ್ಚಂತೆ. ನನ್ನಲ್ಲಿ ನಾಲ್ಕೂ ಇದ್ದವು. ಅದಕ್ಕೆ ಮುಂಚಿತವಾಗಿಯೇ ಒಂದಕ್ಕಿಂತ ಹೆಚ್ಚು ಔಷಧ ಕೊಡುವುದಾಗಿ ಬರೆದಿಟ್ಟರು.

ಆಮೇಲೆ ಬಂದ ಪ್ರಶ್ನೆ ನಮ್ಮ ಕಸಿಯ ದಿಕ್ಕನ್ನೇ ಸ್ವಲ್ಪ ಬದಲಿಸಿತು. ಕುಟುಂಬದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿತ್ತೇ? ಅಮ್ಮನಿಗೆ ಹಿಂದೊಮ್ಮೆ ತುರ್ತು ಶಸ್ತ್ರಚಿಕಿತ್ಸೆ ಆದಾಗ, ಮುಗಿದ ಮೇಲೂ ಗಂಟೆಗಟ್ಟಲೆ ಉಸಿರಾಟದ ಯಂತ್ರದಲ್ಲಿಟ್ಟಿದ್ದರೆಂಬುದು ಮನೆಯಲ್ಲಿ ಆಗಾಗ ಬರುವ ಮಾತು. ಅದನ್ನು ಹೇಳಿದೆ. ವೈದ್ಯೆ ಪೆನ್ನು ಕೆಳಗಿಟ್ಟರು. ಕೊಳವೆ ಹಾಕಲು ಸ್ನಾಯುಗಳನ್ನು ಕ್ಷಣಾರ್ಧದಲ್ಲಿ ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧವಿದೆ. ರಕ್ತದಲ್ಲಿರುವ ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆಯುತ್ತದೆ. ಕೆಲವು ಕುಟುಂಬಗಳಲ್ಲಿ ಈ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಅಂಥವರಲ್ಲಿ ನಿಮಿಷಗಳ ಔಷಧ ಗಂಟೆಗಳ ಕಾಲ ಉಳಿಯುತ್ತದೆ, ತಾನಾಗಿ ಉಸಿರಾಡಲಾಗದೆ ಯಂತ್ರದ ನೆರವು ಬೇಕಾಗುತ್ತದೆ. ಅಮ್ಮನಿಗೆ ಆದದ್ದು ಅದೇ ಇರಬಹುದು, ಬೇರೆ ಏನಾದರೂ ಇರಬಹುದು. ಆದರೆ ಇದು ನನ್ನೊಬ್ಬಳ ವಿಷಯವಲ್ಲ. ಅದೇ ತಾಯಿಯ ಮಗ ಪಕ್ಕದ ಕೋಣೆಯಲ್ಲಿ ಮಲಗಲಿದ್ದಾನೆ, ಅವನ ಕಡತದಲ್ಲಿ ಈ ಸಂಗತಿಯೇ ಇಲ್ಲ. ತಮ್ಮನನ್ನು ಕೇಳಿದಾಗ, ಅಮ್ಮನ ಆ ಶಸ್ತ್ರಚಿಕಿತ್ಸೆಯ ಕಾಲಕ್ಕೆ ತಾನು ಚಿಕ್ಕವನೆಂದೂ, ಯಾರೂ ಹಾಗೆ ಬಿಡಿಸಿ ಕೇಳಲಿಲ್ಲವೆಂದೂ ಹೇಳಿದ.

ಅಮ್ಮನ ಹಳೆಯ ದಾಖಲೆ ಹುಡುಕುವುದೇ ಒಂದು ಪ್ರಯಾಸವಾಯಿತು. ಬಿಡುಗಡೆಯ ಸಾರಾಂಶದಲ್ಲಿ ಅರಿವಳಿಕೆಯ ಬಗ್ಗೆ ಒಂದೇ ಸಾಲು ಇತ್ತು, ಔಷಧದ ಹೆಸರಿರಲಿಲ್ಲ. ಆ ಆಸ್ಪತ್ರೆಯಲ್ಲಿ ಅಷ್ಟು ಹಳೆಯ ಅರಿವಳಿಕೆ ಚಾರ್ಟುಗಳನ್ನು ಇಟ್ಟಿರಲಿಲ್ಲ. ಕೊನೆಗೆ ನಮ್ಮಿಬ್ಬರ ರಕ್ತದಲ್ಲೂ ಕಿಣ್ವದ ಮಟ್ಟ ನೋಡಿದರು. ನನ್ನದು ಸಹಜವಾಗಿತ್ತು. ತಮ್ಮನದು ಕಡಿಮೆ ಇತ್ತು. ಕಿಡ್ನಿ ವೈಫಲ್ಯದಲ್ಲೂ ಅದು ಕಡಿಮೆಯಾಗುವುದರಿಂದ ಕಾರಣ ಇದೇ ಎನ್ನಲಾಗದೆ, ಇಬ್ಬರಿಗೂ ಆ ಔಷಧವನ್ನೇ ಬಳಸುವುದಿಲ್ಲವೆಂದು ತೀರ್ಮಾನಿಸಿದರು. ತಮ್ಮನ ವಿಷಯದಲ್ಲಿ ಇನ್ನೊಂದು ಕಾರಣವೂ ಇತ್ತು: ಆ ಔಷಧ ರಕ್ತದ ಪೊಟ್ಯಾಸಿಯಂ ಮಟ್ಟವನ್ನು ಲೀಟರಿಗೆ ಸುಮಾರು 0.5 ಮಿಲಿಮೋಲ್‌ನಷ್ಟು ಏರಿಸುತ್ತದೆ, ಡಯಾಲಿಸಿಸ್ ರೋಗಿಗಳಲ್ಲಿ ಅದು ಮೊದಲೇ ಮೇಲ್ಮಟ್ಟದಲ್ಲಿರಬಹುದು. ನೀವು ರಕ್ತಸಂಬಂಧಿಗೆ ಅಂಗ ಕೊಡುವವರಾದರೆ, ಇಬ್ಬರೂ ಒಟ್ಟಿಗೆ ಕುಳಿತು ಮನೆಯ ಹಿರಿಯರನ್ನು ಈ ಬಗ್ಗೆ ವಿಚಾರಿಸಿ, ಒಂದೇ ಕಾಗದದಲ್ಲಿ ಬರೆದು ಇಬ್ಬರ ಕಡತಕ್ಕೂ ಸೇರಿಸಿ. ಅರಿವಳಿಕೆಯ ನಂತರ ವಿಪರೀತ ಜ್ವರ, ಕಾರಣ ತಿಳಿಯದ ಸಾವು, ತಡವಾಗಿ ಎಚ್ಚರವಾದದ್ದು, ಕೊಳವೆ ಹಾಕಲು ಕಷ್ಟವಾದದ್ದು, ಎಲ್ಲವೂ ಹೇಳಬೇಕಾದ ಸಂಗತಿಗಳೇ.

ನನ್ನ ನಿಜವಾದ ಭಯವನ್ನು ಕೊನೆಯಲ್ಲಿ ಹೇಳಿಕೊಂಡೆ: ಮಧ್ಯದಲ್ಲಿ ಎಚ್ಚರವಾಗಿ, ಅಲುಗಾಡಲಾಗದೆ ಮಲಗಿದ್ದರೆ? ಅವರು ನಗಲಿಲ್ಲ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದು 2014ರಲ್ಲಿ ವರದಿಯಾದ ದೊಡ್ಡ ಸಮೀಕ್ಷೆಯಲ್ಲಿ, ರೋಗಿಗಳು ತಾವಾಗಿಯೇ ತಿಳಿಸಿದ ಇಂಥ ಪ್ರಕರಣಗಳು ಸುಮಾರು 19,000 ಅರಿವಳಿಕೆಗಳಿಗೆ ಒಂದರಂತೆ ಇದ್ದವೆಂದೂ, ಸ್ನಾಯು ಸಡಿಲಿಸುವ ಔಷಧ ಬಳಸಿದಾಗ ಅದು ಸುಮಾರು 8,000ಕ್ಕೆ ಒಂದರಷ್ಟೆಂದೂ ಹೇಳಿದರು. ನನ್ನ ಉಸಿರಿನಲ್ಲಿ ಹೊರಬರುವ ಅರಿವಳಿಕೆ ಅನಿಲದ ಪ್ರಮಾಣವನ್ನು ಯಂತ್ರ ಪ್ರತಿ ಕ್ಷಣ ಅಳೆಯುತ್ತದೆ, ಹಣೆಗೆ ಅಂಟಿಸುವ ಪಟ್ಟಿ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ತೋರಿಸುತ್ತದೆ, ಮತ್ತು ತಾವು ಕೋಣೆ ಬಿಟ್ಟು ಹೋಗುವುದಿಲ್ಲ ಎಂದೂ ತಿಳಿಸಿದರು. ನನಗೆ ಬೇಕಾಗಿದ್ದದ್ದು ಆ ಕೊನೆಯ ವಾಕ್ಯ.

ದಿನ ನಿಗದಿಯಾಗಿ ಎಲ್ಲ ಸಿದ್ಧವಾದ ಹೊತ್ತಿಗೆ ನನಗೆ ನೆಗಡಿ, ಕೆಮ್ಮು ಶುರುವಾಯಿತು. ಫೋನಿನಲ್ಲಿ ತಿಳಿಸಿದೊಡನೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರು. ಶ್ವಾಸನಾಳ ಕೆರಳಿರುವಾಗ ಅರಿವಳಿಕೆಯಲ್ಲಿ ಉಸಿರಿನ ತೊಂದರೆ ಹೆಚ್ಚು. ದಾನಿಯ ಸೋಂಕು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಪಡೆಯಲಿರುವವನಿಗೆ ದಾಟುವ ಅಪಾಯವೂ ಇದೆ. ನಿರ್ಧಾರ ಸರಿಯಾದದ್ದೇ, ಆದರೆ ಅದರ ಬೆಲೆ ನಾವು ತೆತ್ತೆವು. ಕ್ರಾಸ್‌ಮ್ಯಾಚ್ ಮತ್ತು ಸೋಂಕು ಪರೀಕ್ಷೆಗಳು ಶಸ್ತ್ರಚಿಕಿತ್ಸೆಯ ದಿನಕ್ಕೆ ಹತ್ತಿರದಲ್ಲೇ ಆಗಬೇಕಾದ್ದರಿಂದ ಅವನ್ನು ಮತ್ತೆ ಮಾಡಿಸಬೇಕಾಯಿತು, ರಜೆಯ ಅರ್ಜಿಯನ್ನು ಮತ್ತೆ ಬರೆಯಬೇಕಾಯಿತು. ತಮ್ಮ ಆ ವಾರಗಳಲ್ಲಿ ನನ್ನೊಡನೆ ಮಾತು ಕಡಿಮೆ ಮಾಡಿದ. ಕೋಪವಲ್ಲ, ಅದು ಆಸೆ ಇಟ್ಟುಕೊಳ್ಳಲು ಹೆದರುವವನ ಮೌನವೆಂದು ಅವನ ಹೆಂಡತಿ ಹೇಳಿದಳು.

ಎರಡನೆಯ ಬಾರಿ ನಿಗದಿಯಾದ ದಿನದ ಹಿಂದಿನ ಸಂಜೆ ಇಬ್ಬರೂ ದಾಖಲಾದೆವು. ಗಟ್ಟಿ ಆಹಾರ ಕನಿಷ್ಠ ಆರು ಗಂಟೆ ಮೊದಲು ನಿಲ್ಲಬೇಕು, ತಿಳಿ ನೀರನ್ನು ಎರಡು ಗಂಟೆ ಮೊದಲಿನವರೆಗೂ ಕುಡಿಯಬಹುದು ಎಂದು ನನಗೆ ಹೇಳಿದರು. ದಾನಿಯ ದೇಹ ಒಣಗಿರಬಾರದೆಂದು ರಾತ್ರಿಯೇ ರಕ್ತನಾಳದ ಮೂಲಕ ದ್ರವವನ್ನೂ ಹರಿಸತೊಡಗಿದರು. ತಮ್ಮನ ಕಥೆ ಬೇರೆ. ದೀರ್ಘಕಾಲದ ಮಧುಮೇಹದಲ್ಲಿ ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ, ಉಪವಾಸವಿದ್ದರೂ ಅವನ ಹೊಟ್ಟೆಯಲ್ಲಿ ಏನಾದರೂ ಉಳಿದಿರಬಹುದೆಂದೇ ಭಾವಿಸಿ ಎಚ್ಚರ ವಹಿಸುತ್ತೇವೆಂದರು. ಹಿಂದಿನ ದಿನ ಡಯಾಲಿಸಿಸ್ ಮಾಡಿಸಿ ಪೊಟ್ಯಾಸಿಯಂ ನೋಡಿದ್ದರು, ಆದರೆ ನೀರನ್ನು ಪೂರ್ತಿ ಹಿಂಡಿ ತೆಗೆಯದೆ ಸ್ವಲ್ಪ ಉಳಿಸಿದ್ದರು. ದೇಹ ತೀರಾ ಒಣಗಿದ್ದರೆ ಅರಿವಳಿಕೆ ಕೊಟ್ಟೊಡನೆ ರಕ್ತದೊತ್ತಡ ಕುಸಿಯುತ್ತದೆ, ಹೊಸ ಕಿಡ್ನಿಗೂ ರಕ್ತ ಸಾಲುವುದಿಲ್ಲ. ರಕ್ತದೊತ್ತಡದ ಮಾತ್ರೆಗಳಲ್ಲಿ ಒಂದನ್ನು ಬೆಳಿಗ್ಗೆ ನಿಲ್ಲಿಸಿ, ಇನ್ನೊಂದನ್ನು ಒಂದು ಗುಟುಕು ನೀರಿನೊಂದಿಗೆ ಕೊಟ್ಟರು. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದನ್ನು ಬರಹದಲ್ಲೇ ಪಡೆಯಿರಿ. ನೆನಪಿನ ಮೇಲೆ ಬಿಡುವ ವಿಷಯ ಇದಲ್ಲ.

ಬೆಳಿಗ್ಗೆ ನನ್ನನ್ನು ಮೊದಲು ಕರೆದೊಯ್ದರು. ಕಾರಿಡಾರಿನಲ್ಲಿ ತಮ್ಮನ ಮಂಚದ ಬಳಿ ನಿಲ್ಲಿಸಿದಾಗ ಅವನು ನನ್ನ ಕೈ ಹಿಡಿದುಕೊಂಡನಷ್ಟೇ, ಇಬ್ಬರಿಗೂ ಮಾತು ಬರಲಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆ ತಣ್ಣಗಿತ್ತು. ಹೆಸರು, ಹುಟ್ಟಿದ ದಿನಾಂಕ, ಯಾವ ಬದಿಯ ಕಿಡ್ನಿ ಎಂದು ನನ್ನ ಬಾಯಿಂದಲೇ ಹೇಳಿಸಿದರು. ಇದನ್ನೇ ಬೇರೆ ಬೇರೆಯವರು ಮತ್ತೆ ಮತ್ತೆ ಕೇಳಿದಾಗ ಗಾಬರಿಯಾಗಬೇಡಿ, ಅದು ಸುರಕ್ಷತೆಯ ಕ್ರಮ. ಅದೇ ವೈದ್ಯೆ ತಲೆಯ ಬಳಿ ನಿಂತು ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಿಡಿದು, ದೀರ್ಘವಾಗಿ ಉಸಿರೆಳೆಯಲು ಹೇಳಿದರು. ಕೈಯಲ್ಲಿ ಔಷಧ ಹೋದಾಗ ಸ್ವಲ್ಪ ಉರಿಯಿತು. ಅಲ್ಲಿಂದ ಮುಂದೆ ನನಗೆ ಏನೂ ತಿಳಿಯದು. ಮುಂದಿನದೆಲ್ಲ ಮಾರನೆಯ ದಿನ ವಾರ್ಡಿಗೆ ಬಂದಾಗ ಅವರು ತಾಳ್ಮೆಯಿಂದ ವಿವರಿಸಿದ್ದು.

ನನ್ನನ್ನು ಬಲಮಗ್ಗುಲಿಗೆ ಮಲಗಿಸಿ, ಎಲ್ಲ ಒತ್ತುವ ಜಾಗಗಳಿಗೆ ಮೆತ್ತೆಯಿಟ್ಟು, ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣ ತೂರಿಸಿ, ಕಿಡ್ನಿ ಬಿಡಿಸಿದರು. 1995ರಲ್ಲಿ ದಾನಿಗಳಲ್ಲಿ ಮೊದಲ ಬಾರಿಗೆ ಬಳಕೆಗೆ ಬಂದ ಈ ವಿಧಾನದಿಂದ ಗಾಯ ಚಿಕ್ಕದಾಯಿತು, ಆದರೆ ಅರಿವಳಿಕೆಯ ಕೆಲಸ ಹೆಚ್ಚಾಯಿತು. ಒಳಗೆ ತುಂಬಿದ ಅನಿಲದ ಒತ್ತಡ ಕಿಡ್ನಿಗೆ ಹರಿಯುವ ರಕ್ತವನ್ನೂ ಮೂತ್ರವನ್ನೂ ತಗ್ಗಿಸುತ್ತದೆ, ರಕ್ತಕ್ಕೆ ಸೇರಿದ ಅನಿಲವನ್ನು ಶ್ವಾಸಕೋಶದ ಮೂಲಕ ಹೊರಹಾಕಬೇಕಾಗುತ್ತದೆ. ಹಾಗಾಗಿ ಒತ್ತಡವನ್ನು ಮಿತಿಯಲ್ಲಿಟ್ಟು, ದ್ರವವನ್ನು ಧಾರಾಳವಾಗಿ ಕೊಟ್ಟು, ವೆಂಟಿಲೇಟರಿನ ವೇಗ ಹೊಂದಿಸಿಕೊಂಡು, ಚೀಲದಲ್ಲಿ ಬೀಳುವ ಮೂತ್ರದ ಮೇಲೆ ಕಣ್ಣಿಟ್ಟಿದ್ದರು. ರಕ್ತನಾಳಕ್ಕೆ ಕ್ಲಾಂಪ್ ಹಾಕುವ ಮೊದಲು ಹೆಪ್ಪುಗಟ್ಟದಂತೆ ಹೆಪಾರಿನ್, ತೆಗೆದ ಮೇಲೆ ಅದರ ಪ್ರಭಾವ ತಗ್ಗಿಸಲು ಪ್ರೋಟಮಿನ್ ಕೊಟ್ಟರಂತೆ. ಹೊರಬಂದ ಕಿಡ್ನಿಯನ್ನು ಮಂಜುಗಡ್ಡೆಯ ಮೇಲಿಟ್ಟು, ತಣ್ಣನೆಯ ದ್ರಾವಣದಿಂದ ರಕ್ತವೆಲ್ಲ ತೊಳೆದುಹೋಗುವವರೆಗೆ ಹರಿಸುತ್ತಾರೆ. ರಕ್ತ ನಿಂತ ಕ್ಷಣದಿಂದ ತಣ್ಣಗಾಗುವವರೆಗಿನ ಕೆಲವೇ ನಿಮಿಷಗಳು ಬಹಳ ಮುಖ್ಯವಾದವು. ಆಗ ಅರಿವಳಿಕೆ ವೈದ್ಯರಿಗೂ ಶಸ್ತ್ರಚಿಕಿತ್ಸಕರಿಗೂ ನಡುವೆ ಪ್ರತಿ ಹೆಜ್ಜೆಯನ್ನೂ ಗಟ್ಟಿಯಾಗಿ ಹೇಳುವ ರೂಢಿಯಿದೆ. ಹೊಟ್ಟೆಯ ಗೋಡೆಯ ನರಗಳಿಗೆ ಅಲ್ಟ್ರಾಸೌಂಡ್ ನೋಡಿ ಮರಗಟ್ಟಿಸುವ ಔಷಧವನ್ನೂ ಕೊಟ್ಟಿದ್ದರು.

ಪಕ್ಕದ ಕೋಣೆಯಲ್ಲಿ ತಮ್ಮನಿಗೆ ಬೇರೆಯದೇ ತಂಡ. ಇಬ್ಬರ ಹಿತಾಸಕ್ತಿಯೂ ಬೇರೆ ಎಂದು ತಂಡಗಳನ್ನೂ ಬೇರ್ಪಡಿಸುತ್ತಾರೆ. ನನ್ನ ಕಿಡ್ನಿ ಒಳಗೆ ಸುಸ್ಥಿತಿಯಲ್ಲಿದೆ ಎಂದು ಖಚಿತವಾದ ಮೇಲೆ ಅವನಿಗೆ ಅರಿವಳಿಕೆ ಶುರುಮಾಡಿದರು. ಡಯಾಲಿಸಿಸ್ ಫಿಸ್ಟುಲಾ (ಡಯಾಲಿಸಿಸ್ ಸೂಜಿಗಾಗಿ ಎರಡು ರಕ್ತನಾಳಗಳನ್ನು ಸೇರಿಸಿ ಮಾಡಿದ ಜೋಡಣೆ) ಇದ್ದ ಕೈಗೆ ರಕ್ತದೊತ್ತಡದ ಪಟ್ಟಿ ಕಟ್ಟಲಿಲ್ಲ, ಸೂಜಿ ಚುಚ್ಚಲಿಲ್ಲ. ಕಸಿ ಕೂಡಲೇ ಕೆಲಸ ಮಾಡದಿದ್ದರೆ ಆ ಕೈ ಮತ್ತೆ ಬೇಕಾಗುತ್ತದೆ. ಕುತ್ತಿಗೆಯ ದೊಡ್ಡ ಅಭಿಧಮನಿಗೆ ಅಲ್ಟ್ರಾಸೌಂಡ್ ನೋಡಿ ನಳಿಕೆ ಇಳಿಸಿದರು. ಕಿಡ್ನಿ ಸೋತವರಿಗೆ ಔಷಧ ಆರಿಸುವುದೇ ಒಂದು ಲೆಕ್ಕಾಚಾರ: ಮಾರ್ಫಿನ್ ಒಡೆದು ಉಂಟಾಗುವ ವಸ್ತುಗಳು ಹೊರಹೋಗದೆ ಕೂಡಿಕೊಂಡು ಉಸಿರನ್ನು ಮಂಕಾಗಿಸಬಹುದು, ಅದಕ್ಕೆ ಫೆಂಟನಿಲ್, ಸ್ನಾಯು ಸಡಿಲಿಸಲು, ಕಿಡ್ನಿಯ ಹಂಗಿಲ್ಲದೆ ದೇಹದ ಉಷ್ಣತೆ ಮತ್ತು ಕ್ಷಾರಾಮ್ಲ ಗುಣದಲ್ಲಿ ತಾನಾಗಿಯೇ ಒಡೆಯುವ ಸಿಸಟ್ರಾಕ್ಯೂರಿಯಂ. ದ್ರವದ ವಿಷಯದಲ್ಲೂ ಸಾಮಾನ್ಯ ಲವಣದ ನೀರಿನ ಬದಲು ರಕ್ತದ ಲವಣಗಳಿಗೆ ಹತ್ತಿರವಾದ ಸಮತೋಲಿತ ದ್ರಾವಣ ಕೊಟ್ಟರು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಮೃತ ದಾನಿಗಳ ಕಿಡ್ನಿ ಪಡೆದವರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಸಿಯ ನಂತರವೂ ಡಯಾಲಿಸಿಸ್ ಬೇಕಾದವರು ಲವಣದ ನೀರು ಪಡೆದವರಲ್ಲಿ ಸುಮಾರು ನೂರಕ್ಕೆ 40, ಸಮತೋಲಿತ ದ್ರಾವಣ ಪಡೆದವರಲ್ಲಿ ಸುಮಾರು 30 ಮಂದಿ ಎಂದು ಅವರು ಹೇಳಿದರು.

ಅವನ ಹಳೆಯ ಕಿಡ್ನಿಗಳನ್ನು ತೆಗೆಯಲಿಲ್ಲ. ಹೊಸದನ್ನು ಕೆಳಹೊಟ್ಟೆಯ ಒಂದು ಬದಿಯಲ್ಲಿಟ್ಟು, ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳಿಗೆ ಜೋಡಿಸಿದರು. ಕ್ಲಾಂಪ್ ಬಿಡುವ ಮೊದಲು ಸ್ಟೀರಾಯ್ಡ್ ಕೊಟ್ಟು, ರಕ್ತದೊತ್ತಡವನ್ನು ಬೇಕೆಂದೇ ಸ್ವಲ್ಪ ಮೇಲಿಟ್ಟುಕೊಂಡಿದ್ದರು, ಏಕೆಂದರೆ ನರಗಳ ನಂಟು ಕಡಿದ ಹೊಸ ಕಿಡ್ನಿ ತನ್ನ ರಕ್ತದ ಹರಿವಿಗೆ ಪೂರ್ತಿಯಾಗಿ ದೇಹದ ಒತ್ತಡವನ್ನೇ ನಂಬಿರುತ್ತದೆ. ಕ್ಲಾಂಪ್ ಬಿಟ್ಟಾಗ ಬಿಳುಚಿದ್ದ ಕಿಡ್ನಿ ಗುಲಾಬಿಯಾಯಿತು, ಸ್ವಲ್ಪ ಹೊತ್ತಿನಲ್ಲೇ ಮೂತ್ರ ಹನಿಯಿತು. ಹೊರಗೆ ಕಾಯುತ್ತಿದ್ದ ತಮ್ಮನ ಹೆಂಡತಿಗೆ ಆ ಸುದ್ದಿ ತಲುಪಿದ್ದು ಬಹಳ ತಡವಾಗಿ. ಎರಡು ಕೋಣೆಗಳ ಸುದ್ದಿಗೆ ಒಬ್ಬಳೇ ಕಾಯುವುದು ಕಠಿಣ. ದಾನಿಯ ಕಡೆಗೊಬ್ಬರು, ಪಡೆಯುವವರ ಕಡೆಗೊಬ್ಬರು ಇರುವಂತೆ ನೋಡಿಕೊಳ್ಳಿ.

ನನಗೆ ಮೊದಲು ಕೇಳಿಸಿದ್ದು ನನ್ನ ಹೆಸರು. ಗಂಟಲು ಕೆರೆಯುತ್ತಿತ್ತು, ಮೈ ನಡುಗುತ್ತಿತ್ತು. ಬಿಸಿಗಾಳಿಯ ಹೊದಿಕೆ ಹಾಕಿದ ಮೇಲೆ ನಡುಕ ನಿಂತಿತು. ವಾಂತಿಯಾಗಲಿಲ್ಲ, ಸ್ವಲ್ಪ ಹೊಟ್ಟೆ ತೊಳಸಿತಷ್ಟೇ. ಗಾಯದ ನೋವು ಅಂದುಕೊಂಡದ್ದಕ್ಕಿಂತ ಕಡಿಮೆ ಇತ್ತು. ಆದರೆ ಭುಜದ ತುದಿಯಲ್ಲಿ ಚುಚ್ಚುವಂಥ ನೋವು ಬಂದಾಗ ಹೃದಯಕ್ಕೇನಾಯಿತೋ ಎಂದು ಬೆದರಿದೆ. ಒಳಗೆ ಉಳಿದ ಅನಿಲ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯನ್ನು, ಕೆರಳಿಸಿದಾಗ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ, ಓಡಾಡಿದಂತೆ ಒಂದೆರಡು ದಿನಗಳಲ್ಲಿ ಇಳಿಯುತ್ತದೆ ಎಂದು ನರ್ಸ್ ವಿವರಿಸಿದರು. ಇದನ್ನು ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಭುಜದ ನೋವಿನೊಡನೆ ಎದೆ ಬಿಗಿತ ಅಥವಾ ಉಸಿರಾಟದ ಕಷ್ಟವಿದ್ದರೆ ಮಾತ್ರ ಕೂಡಲೇ ತಿಳಿಸಬೇಕು. ನೋವಿಗೆ ಪ್ಯಾರಾಸಿಟಮಾಲ್ ಮತ್ತು ಅಗತ್ಯವಿದ್ದಾಗ ಅದಕ್ಕಿಂತ ಬಲವಾದ ಔಷಧ ಕೊಟ್ಟರು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳಂಥ ಮಾತ್ರೆಗಳು ಕಿಡ್ನಿಯ ರಕ್ತದ ಹರಿವನ್ನು ತಗ್ಗಿಸುವುದರಿಂದ ನಮ್ಮಿಬ್ಬರ ಚಾರ್ಟಿನಲ್ಲೂ ಅವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದರು.

ನನಗೆ ಯಾರೂ ಎಚ್ಚರಿಸದ ಇನ್ನೊಂದು ಸಂಗತಿ ಮನಸ್ಸಿನದು. ತಮ್ಮ ಐಸಿಯುನಲ್ಲಿ ಗಂಟೆಗೆಷ್ಟು ಮೂತ್ರ ಹೋಯಿತೋ ಅದಕ್ಕೆ ತಕ್ಕಷ್ಟು ದ್ರವ ಪಡೆಯುತ್ತ ದಿನದಿಂದ ದಿನಕ್ಕೆ ಚೇತರಿಸಿಕೊಳ್ಳುತ್ತಿದ್ದರೆ, ಆರೋಗ್ಯವಾಗಿ ಒಳಗೆ ಹೋಗಿದ್ದ ನಾನು ದಿಂಬು ಒತ್ತಿ ಹಿಡಿದು ಕೆಮ್ಮುವ ಸ್ಥಿತಿಯಲ್ಲಿದ್ದೆ. ಬಂದವರೆಲ್ಲ ಅವನ ಕ್ರಿಯೇಟಿನಿನ್ (ಕಿಡ್ನಿ ಹೊರಹಾಕಬೇಕಾದ, ರಕ್ತದಲ್ಲಿರುವ ತ್ಯಾಜ್ಯ) ಎಷ್ಟೆಂದು ಕೇಳುತ್ತಿದ್ದರು. ಮೂರನೆಯ ಸಂಜೆ ಕಾರಣವಿಲ್ಲದೆ ಅತ್ತೆ. ದಾನಿಗಳಲ್ಲಿ ಇದು ಸಾಮಾನ್ಯವೆಂದು ಆಪ್ತಸಮಾಲೋಚಕರು ಹೇಳಿದ ಮೇಲೆ ಹಗುರವಾಯಿತು. ನನ್ನ ಕ್ರಿಯೇಟಿನಿನ್ ಮೊದಲಿಗಿಂತ ಏರಿದ್ದನ್ನು ವರದಿಯಲ್ಲಿ ನೋಡಿಯೂ ಹೆದರಿದ್ದೆ. ಒಂದು ಕಿಡ್ನಿ ಹೋದ ಮೇಲೆ ಅದು ಏರುವುದು ನಿರೀಕ್ಷಿತ, ಉಳಿದ ಕಿಡ್ನಿ ಕ್ರಮೇಣ ಹೊಂದಿಕೊಂಡು ಎರಡೂ ಇದ್ದಾಗಿನ ಸಾಮರ್ಥ್ಯದ ಸುಮಾರು ಮೂರನೇ ಎರಡು ಭಾಗಕ್ಕೆ ಬಂದು ನಿಲ್ಲುತ್ತದೆ.

ಖರ್ಚಿನ ಬಗ್ಗೆ ಮೊತ್ತ ಹೇಳಿ ಪ್ರಯೋಜನವಿಲ್ಲ, ಒಂದೊಂದು ಕಡೆ ಒಂದೊಂದು ರೀತಿ. ಆದರೆ ಅಂದಾಜು ಪಟ್ಟಿ ಕೊಟ್ಟಾಗ ಕೇಳಬೇಕಾದದ್ದಿದೆ. ಅರಿವಳಿಕೆಯ ಶುಲ್ಕ ಅದರಲ್ಲಿ ಸೇರಿದೆಯೇ, ಇಬ್ಬರದ್ದೂ ಸೇರಿದೆಯೇ? ನಮಗೆ ಕೊಟ್ಟ ಪಟ್ಟಿಯಲ್ಲಿ ದಾನಿಯ ನರಗಳ ಬ್ಲಾಕ್ ಮತ್ತು ಮಿದುಳಿನ ಚಟುವಟಿಕೆ ನೋಡುವ ಪಟ್ಟಿ ಸೇರಿರಲಿಲ್ಲ, ಬಿಲ್ಲಿನಲ್ಲಿ ಕಂಡವು. ಮುಂದೂಡಿದರೆ ಮತ್ತೆ ಮಾಡುವ ಪರೀಕ್ಷೆಗಳನ್ನು ಯಾರು ಭರಿಸುತ್ತಾರೆ? ದಾನಿಗೆ ತೊಡಕಾದರೆ ಆ ಚಿಕಿತ್ಸೆ ಯಾರ ಲೆಕ್ಕಕ್ಕೆ? ಸಂಬಳವಿಲ್ಲದ ರಜೆ, ಮನೆಯಲ್ಲಿ ಸಹಾಯಕ್ಕೆ ಬರುವವರ ಖರ್ಚು ಯಾವ ಅಂದಾಜಿನಲ್ಲೂ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಕಿಡ್ನಿ ಕೆಲಸ ಮಾಡುವವರೆಗೂ ತಮ್ಮ ನುಂಗಬೇಕಾದ ಮಾತ್ರೆಗಳದ್ದು. ಕಸಿಯ ಖರ್ಚಿಗೆ ಕೂಡಿಟ್ಟದ್ದೆಲ್ಲವನ್ನೂ ಕಸಿಗೇ ಸುರಿಯಬೇಡಿ.

ಈಗ ತಮ್ಮ ವಾರವಾರವೂ, ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಔಷಧದ ಮಟ್ಟವನ್ನು ರಕ್ತದಲ್ಲಿ ನೋಡಿಸುತ್ತಾನೆ. ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆಯೇ ಬೆಳಗಿನ ಮಾತ್ರೆ ನುಂಗಬೇಕು, ಇಲ್ಲವಾದರೆ ಲೆಕ್ಕ ತಪ್ಪಾಗುತ್ತದೆ. ಮೂತ್ರನಾಳದಲ್ಲಿಟ್ಟಿದ್ದ ಸ್ಟೆಂಟ್ ಎಂಬ ಸಣ್ಣ ಕೊಳವೆಯನ್ನು ಸದ್ಯದಲ್ಲೇ ತೆಗೆಯುತ್ತಾರೆ, ಅದಕ್ಕೂ ಅರಿವಳಿಕೆ ಬೇಕೇ ಎಂದು ಅವನು ಕೇಳಿಕೊಂಡು ಬಂದಿದ್ದಾನೆ: ಬಹುಮಟ್ಟಿಗೆ ಮರಗಟ್ಟಿಸುವ ಜೆಲ್ ಸಾಕಂತೆ. ನನಗೆ ವರ್ಷಕ್ಕೊಮ್ಮೆ ರಕ್ತದೊತ್ತಡ, ಮೂತ್ರದ ಪ್ರೊಟೀನ್, ಕ್ರಿಯೇಟಿನಿನ್ ತಪಾಸಣೆ. ಬಿಡುಗಡೆಯ ಹೊತ್ತಿಗೆ ಅರಿವಳಿಕೆ ವೈದ್ಯೆ ಇಬ್ಬರಿಗೂ ಒಂದೊಂದು ಚೀಟಿ ಬರೆದುಕೊಟ್ಟರು: ಬಳಸಿದ ಔಷಧಗಳು, ಕೊಳವೆ ಹಾಕಲು ತೊಡಕಾಗಲಿಲ್ಲ ಎಂಬ ಸಾಲು, ತಮ್ಮನ ಕಿಣ್ವದ ಮಟ್ಟ, ನನಗೆ ಒಂದೇ ಕಿಡ್ನಿ ಎಂಬ ಸೂಚನೆ. ಅದನ್ನು ಕೇಳಿ ಪಡೆಯಿರಿ. ಅಮ್ಮನಿಗೂ ಕಿಣ್ವದ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಮುಂದಿನ ವಾರ ಅವಳನ್ನು ಕರೆದೊಯ್ಯಬೇಕು.